ಎಡಮನೆಯವನು ಇಳಿದ್ನಾ?

ಅಲ್ಲ, ಮೊಣಕಾಲು ಸರಿಯಾಗೇ ಇತ್ತು ಅವರಿಗೆ. ಎರಡೂ ಇತ್ತು, ಎರಡೂ ಮಡಚ್ತಿತ್ತು. ದೆವ್ವ ಮೆಟ್ಕೊಂಡಿರ್ಲಿಲ್ಲ, ಯಾರೂ ಮಾಟ ಮಾಡ್ಸಿರ್ಲಿಲ್ಲ, ಕುಡಿದೂ ಇರ್ಲಿಲ್ಲ. ಒಂದಿಡೀ ಊರು ವರ್ಷಾನುಗಟ್ಟಲೆ ಮರಗಾಲಿನ ಮೇಲಿಂದ ಇಳೀದೇ ನಿಂತಿತ್ತು ಅಂದ್ರೆ ಎಲ್ಲರ ತಲೆಗೂ ಮೊದಲು ಬರೋದು ಅದೇ, ಕಾಲಲ್ಲಿ ಏನೋ ತೊಂದ್ರೆ ಇರ್ಬೇಕು ಅಂತ. ತೊಂದ್ರೆ ಇದ್ದದ್ದು ಕಾಲಲ್ಲಲ್ಲ, ಕತ್ತಲ್ಲಿ. ಕತ್ತು ಎಡಗಡೆಗೇ ತಿರುಗ್ತಿತ್ತು.

ಸೂರ್ಯ ಎಲ್ಲರಿಗಿಂತ ಮೊದಲು ಮುಖ ತೋರಿಸೋ ಒಂದು ದ್ವೀಪ. ದ್ವೀಪದ ನಡುವೆ ಒಂದು ಬೆಟ್ಟ. ಬೆಟ್ಟದ ಸುತ್ತ ಒಂದೇ ಒಂದು ಬೀದಿ, ಬಳೆ ಥರ ದುಂಡಗೆ. ಅದಕ್ಕೆ ಬಳೆ ಬೀದಿ ಅಂತಲೇ ಹೆಸರು. ಮುನ್ನೂರ ಹನ್ನೆರಡು ಮನೆ. ಬೆಟ್ಟದ ತುದಿಯಲ್ಲಿ ಒಂದು ಪರದೆ, ಪರದೆ ಹಿಂದೆ ದೊಡ್ಡವರು. ದೊಡ್ಡವರನ್ನ ಯಾರೂ ನೋಡಿಲ್ಲ. ಪರದೆ ಅಲ್ಲಾಡಿದ್ರೆ ಇದ್ದಾರೆ ಅಂತ. ಅಲ್ಲಾಡ್ದಿದ್ರೂ ಇದ್ದಾರೆ ಅಂತ.

ಆ ಊರಿಗೆ ಒಂದೇ ಕಟ್ಟಳೆ. ಎಡಮನೆಯವರು ಮಾಡೋ ತನಕ ನೀನು ಮಾಡಬೇಡ. ಎಡಮನೆಯವರು ಒಲೆ ಹಚ್ಚಿದ್ರೆ ನೀನು ಹಚ್ಚು. ಎಡಮನೆಯವರು ಚಾಪೆ ಮಡಚಿದ್ರೆ ನೀನು ಮಡಚು. ಎಡಮನೆಯವರು ನಕ್ಕರೆ, ಜೋಕ್ ಏನು ಅಂತ ಆಮೇಲೆ ಕೇಳ್ಕೋ, ಮೊದಲು ನಗು.

ಬೀದಿ ದುಂಡಗಿದೆಯಲ್ಲ, ಹಾಗಾದ್ರೆ ಶುರು ಮಾಡೋರು ಯಾರು? ಅದೇ ಮಜಾ. ಮೊದಲು ಅನ್ನೋರೇ ಇಲ್ಲ. ಯಾರದ್ದಾದ್ರೂ ಕೈ ಜಾರಿ ಏನಾದ್ರೂ ಆಗ್ಬೇಕು, ಇಲ್ಲಾ ಹೊರಗಿನವರು ಯಾರಾದ್ರೂ ನೂಕ್ಬೇಕು. ಒಂದ್ಸಲ ನೂಕಿದ್ರೆ ಮುಗೀತು, ಮನೆಯಿಂದ ಮನೆಗೆ, ಮನೆಯಿಂದ ಮನೆಗೆ, ಸಾಯಂಕಾಲದ ಒಳಗೆ ಬೀದಿ ಪೂರ್ತಿ ಅದೇ ಕೆಲಸ. ನಿಲ್ಸೋದು ಹೇಗೆ ಅಂತ ಮಾತ್ರ ಯಾರಿಗೂ ಗೊತ್ತಿರ್ಲಿಲ್ಲ. ಒಂದ್ಸಲ ಯಾರೋ ಒಬ್ಬಳು ನೊಣ ಓಡ್ಸೋಕೆ ಕೈ ಬೀಸಿದ್ಲು ಅಂತ ಇಡೀ ಊರು ಮೂರು ದಿನ ಸಮುದ್ರಕ್ಕೆ ಟಾಟಾ ಮಾಡ್ತಾ ನಿಂತಿತ್ತು.

ಇಷ್ಟು ವರ್ಷ, ಅಷ್ಟು ವರ್ಷ ಅಂತ ಲೆಕ್ಕ ಮಾತ್ರ ಕೇಳಬೇಡಿ. ಆ ಊರಲ್ಲಿ ವಯಸ್ಸಾಗೋದೂ ಎಡಮನೆಯವರಿಗೆ ಆದ ಮೇಲೇ.

ಆ ಬೀದಿಯಲ್ಲೊಬ್ಬ ಬಡಗಿ, ಅವನಿಗೊಬ್ಬಳು ಹೆಂಡತಿ. ಬಡಗಿ ಮಾಡ್ತಿದ್ದದ್ದು ಮಣೆ. ಇಡೀ ಊರು ನೆಲದ ಮೇಲೆ ಮಣೆ ಹಾಕ್ಕೊಂಡು ಕೂರೋದು, ನೆಲದ ಮೇಲೇ ಉಣ್ಣೋದು. ಬಡಗಿ ನಿಂತ್ಕೊಂಡು ಮಾತಾಡೋ ಆಸಾಮಿ ಅಲ್ಲ. ಮಣೆ ಮೇಲೆ ಕೂತು, ಅನ್ನಕ್ಕೆ ಮೀನಿನ ಸಾರು ಬಿದ್ದು, ಮೂಲಂಗಿ ಉಪ್ಪಿನಕಾಯಿ ಕಟುಂ ಅಂದ ಮೇಲೇ ಅವನ ಬಾಯಿ ಬಿಡೋದು. ಬಿಟ್ರೆ ಮುಗೀತು. ಯಾವ ಹಲಗೆ ಇವತ್ತು ಹೇಗೆ ಸತಾಯಿಸ್ತು, ಎಡಮನೆಯವನ ಗೊರಕೆಗೂ ತನ್ನ ಗರಗಸಕ್ಕೂ ಹೇಗೆ ತಾಳ ಕೂಡುತ್ತೆ, ಎಲ್ಲಾ ಬರ್ತಿತ್ತು. ಹೆಂಡತಿ ಎದುರಿಗೆ ಕೂತು ಕೇಳ್ತಾ ಕೇಳ್ತಾ ತನ್ನ ಅನ್ನ ಆರಿಸ್ಕೊಳ್ತಿದ್ಲು. ದಿನಕ್ಕೆ ಅರ್ಧ ಗಂಟೆ. ಅವಳಿಗೆ ಆ ಅರ್ಧ ಗಂಟೆ ಇದ್ರೆ ಉಳಿದದ್ದು ಹಾಳಾಗಿ ಹೋಗ್ಲಿ.

ಹೀಗಿರುವಾಗ ಒಂದು ಬೆಳಿಗ್ಗೆ ಹಡಗು ಬಂತು. ಕರೀ ಹಡಗು, ತಲೆ ಮೇಲೆ ಹೊಗೆ. ಹಡಗಿನ ಮೇಲೆ ಒಬ್ಬ ಸೊಂಟಕ್ಕೆ ಕೈ ಕೊಟ್ಕೊಂಡು ನಿಂತಿದ್ದ. ಅವನೇ ಹಡಗಿನವನು. ಕೆಳಗೆ ಮರಳಲ್ಲಿ ಇಡೀ ಊರು ಕೂತಿತ್ತು, ಅತಿಥಿ ಬಂದಾಗ ಕೂರೋದೇ ಮರ್ಯಾದೆ ಅಂತ.

"ಇಷ್ಟೇನಾ ನೀವು?" ಅಂದ ಹಡಗಿನವನು.

"ಹೌದು ಸ್ವಾಮಿ, ಮುನ್ನೂರ ಹನ್ನೆರಡು ಮನೆ," ಅಂದ ಡಂಗುರದವನು. ಊರಿನ ಪರವಾಗಿ ಬಾಯಿ ಬಿಡೋ ಕೆಲಸ ಅವನದ್ದು.

"ಎಷ್ಟು ಮನೆ ಅಂತ ಕೇಳ್ಲಿಲ್ಲ. ಇಷ್ಟೇನಾ ನಿಮ್ಮ ಎತ್ತರ ಅಂತ ಕೇಳ್ದೆ."

ಅಂದವನೇ ಹಡಗಿನವನು ಬಹಳ ಸ್ನೇಹದಿಂದ ಒಂದು ಫಿರಂಗಿ ಹೊಡೆದು, ಬೆಟ್ಟದ ಮೇಲಿನ ಮರದ ತಲೆ ಹಾರ್ಸಿ, "ವ್ಯಾಪಾರ ಮಾಡೋಣ್ವಾ?" ಅಂದ. ಪರದೆ ಅಲ್ಲಾಡ್ತು. ಹೊರಗಿನ ನೂಕು ಅಂದ್ನಲ್ಲ, ಅದು ಇದು.

ಊರವರು ಡಂಗುರದವನನ್ನೇ ಹಡಗು ಹತ್ಸಿ ಕಳಿಸಿದ್ರು. ಹೋಗಿ ನೋಡ್ಕೊಂಡು ಬಾ, ಇವರು ಅದು ಹೇಗೆ ಅಷ್ಟು ಎತ್ತರ ಆದ್ರು ಅಂತ. ಅವನು ಒಂದು ಸುತ್ತು ಹಾಕ್ಕೊಂಡು ವಾಪಸ್ ಬಂದಾಗ ತಲೆ ಮೇಲೆ ಟೋಪಿ, ಮೂಗಿನ ಕೆಳಗೆ ಮೀಸೆ, ಕಂಕುಳಲ್ಲಿ ಕೊಡೆ. ಬಿಸಿಲಿತ್ತು. ಇದ್ರೂ ಕೊಡೆ ಬಿಚ್ಚಲಿಲ್ಲ, ಅದು ಬಿಚ್ಚೋಕಲ್ಲವಂತೆ.

"ಅವರೇನೂ ಎತ್ತರ ಇಲ್ಲ," ಅಂದ. "ಎತ್ತರದ ಮೇಲೆ ನಿಂತಿದ್ದಾರೆ."

"ಯಾವ ಎತ್ತರ?"

"ಹಡಗು."

"ಹಡಗಿನ ಕೆಳಗೆ?"

"ನೀರು. ನೀರಿನಾಚೆ ಬೇರೆಯವರ ಊರುಗಳು. ಒಂದೊಂದು ಕಾಲು ಒಂದೊಂದು ಊರಿನ ಮೇಲಿಟ್ಕೊಂಡು ನಿಂತಿದ್ದಾರೆ."

"ಆ ಊರಿನವರು ಏನೂ ಅನ್ನಲ್ವಾ?" ಅಂತ ಕೇಳಿದ್ದು ಬಡಗಿಯ ಹೆಂಡತಿ.

"ಅಂತಾರಮ್ಮ. ಅಷ್ಟು ಎತ್ತರಕ್ಕೆ ಕೇಳ್ಸಲ್ಲ."

ಮಾರನೇ ದಿನ ಬಡಗಿಗೆ ಹೊಸ ಕೆಲಸ ಬಂತು. ಮಣೆ ಸಾಕು, ಮರಗಾಲು ಮಾಡು.

ನಿಜ ಹೇಳ್ಬೇಕಂದ್ರೆ ಮೊದಮೊದಲು ಮಜಾನೇ ಇತ್ತು. ಒಂದು ಗೇಣಿನ ಮರಗಾಲು. ಬಡಗಿ ತಾನೇ ಮಾಡಿ, ತಾನೇ ಹತ್ತಿ, ತಾನೇ ಬಿದ್ದು, ಎದ್ದು, ಕಡೆಗೆ ಕೋಳಿ ಥರ ಕತ್ತು ಹಾಕ್ತಾ ಅಂಗಳದಲ್ಲಿ ನಡೆದಾಗ ಹೆಂಡತಿಗೆ ನಕ್ಕೂ ನಕ್ಕೂ ಪಕ್ಕೆ ಹಿಡ್ಕೊಂಡ್ತು. ಕೈಗೆಟುಕದ ಹಣ್ಣು ಎಟುಕ್ತು. ಸೂರು ರಿಪೇರಿ ಸುಲಭ ಆಯ್ತು. ಆಮೇಲೆ ಎರಡು ಗೇಣು, ಆಮೇಲೆ ಒಂದಾಳು. ಕೋಟು ಬಂತು, ಗಡಿಯಾರ ಬಂತು, ರೈಲು ಬಂತು, ಬ್ಯಾಂಡ್‌ಸೆಟ್ಟೂ ಬಂತು. ಹಡಗಿನವನು ತಾತ ಮುತ್ತಾತನ ಕಾಲದಿಂದ ಕಲಿತದ್ದನ್ನ ಇವರು ಸೋರೆಬುರುಡೆಗೆ ನೀರು ತುಂಬಿದಂಗೆ ಗಟಗಟ ಕಲಿತ್ರು. ಒಬ್ಬ ಕಲಿತ್ರೆ ಸಾಕಲ್ಲ, ಬಲಮನೆಯವನಿಗೆ ಬರುತ್ತೆ, ಅವನ ಬಲಮನೆಯವನಿಗೆ ಬರುತ್ತೆ. ಬೇರೆ ಊರಲ್ಲಿ ಇದಕ್ಕೆ ಸ್ಕೂಲು ಕಟ್ಟಿ, ಹಾಜರಿ ತಗೊಂಡು, ಬೆತ್ತ ಹಿಡ್ದು ಒದ್ದಾಡ್ತಾರೆ.

ಉತ್ತರದಲ್ಲೊಬ್ಬ ಕರಡಿ ತೊಗಲಿನ ಕೋಟಿನ ದೈತ್ಯ ಇದ್ದ. ಇವರ ನೀರಿಗೆ ಕಾಲಿಟ್ಟ. ಇವರು ಮರಗಾಲಿನ ಮೇಲಿಂದ ಒಂದು ಕೊಟ್ರು. ದೈತ್ಯ ಧೊಪ್ ಅಂತ ನೀರಿಗೆ ಬಿದ್ದ. ಲೋಕವೇ ಕಣ್ಣು ಕಣ್ಣು ಬಿಡ್ತು. ಹಡಗಿನವರ ಕಾಲ ಕೆಳಗಿದ್ದ ಎಷ್ಟೋ ದೂರದೂರದ ಊರುಗಳಲ್ಲಿ ಜನ ಚಪ್ಪಾಳೆ ಹೊಡೆದ್ರು, ಭಲೇ, ಕುಳ್ಳರೂ ಕೆಡವಬಹುದು ಅಂತ.

ಗೆದ್ದ ಆ ಮಧ್ಯಾಹ್ನ ಬಡಗಿಯ ಹೆಂಡತಿ ಎರಡು ಥರದ ಮೀನು ಮಾಡಿ, ಮಣೆ ಹಾಕಿ, ಅಂಗಳಕ್ಕೆ ಬಂದು ತಲೆ ಎತ್ತಿ ಕರೆದ್ಲು.

"ರೀ, ಇಳೀರಿ. ಸಾರು ಆರ್ತಿದೆ."

ಮೇಲಿಂದ ಬಡಗಿ, "ಎಡಮನೆಯವನು ಇಳಿದ್ನಾ ನೋಡು," ಅಂದ.

ಇಳಿದಿರ್ಲಿಲ್ಲ. ಎಡಮನೆಯವನೂ ತನ್ನ ಎಡಗಡೆ ನೋಡ್ತಾ ನಿಂತಿದ್ದ. ಗೆದ್ದ ದಿನ ಮೊದಲು ಇಳಿಯೋನು ಯಾರು? ಯಾರೂ ಇಳೀಲಿಲ್ಲ. ಮಾರನೇ ದಿನವೂ ಇಳೀಲಿಲ್ಲ. ಅವಳು ಸೌಟಿಗೆ ಉದ್ದದ ಬಿದಿರು ಕಟ್ಟಿ ಅನ್ನ ಮೇಲಕ್ಕೆ ಕೊಟ್ಲು. ಗಾಳಿ ಬೀಸಿದ್ರೆ ಸಾರು ಅವಳ ತಲೆ ಮೇಲೆ. ನಿಂತ ಬಡಗಿ ಮಾತಾಡಲ್ಲ ಅಂತ ಮೊದಲೇ ಹೇಳಿದ್ನಲ್ಲ. ಅವನು ಅಗಿಯೋ ಸದ್ದೂ ಕೆಳಗೆ ಕೇಳ್ತಿರ್ಲಿಲ್ಲ.

"ಉಪ್ಪು ಸರಿಯಾಗಿದೆಯಾ?" ಅಂತ ಇವಳು ಕೂಗೋದು.

"ಆಂ?"

"ಉಪ್ಪು! ಉಪ್ಪು!"

"ತೆಪ್ಪಾನಾ? ಇನ್ನೂ ಕಾಣ್ತಿಲ್ಲ, ಮೋಡ ಇದೆ!"

ಸಂಸಾರ ಅಂದ್ರೆ ಇಷ್ಟೇ ಉಳ್ಕೊಂಡಿತ್ತು.

ಡಂಗುರದವನಿಗೆ ಮಾತ್ರ ಸುಗ್ಗಿ. ದಿನಾ ಬೆಳಿಗ್ಗೆ ಡಂಗುರ ಹೊಡೆಯೋದು, "ಇನ್ನೊಂದಾಳು ಎತ್ತರ! ಪರದೆಯವರ ಅಪ್ಪಣೆ!" ಅನ್ನೋದು. ಪರದೆಯವರು ಅಪ್ಪಣೆ ಕೊಟ್ಟಿದ್ರಾ? ಪರದೆ ಅಲ್ಲಾಡಿತ್ತು, ಅಷ್ಟು ಸಾಕು. ಗಾಳಿಗೆ ಅಲ್ಲಾಡ್ತೇನೋ ಅಂದವನೊಬ್ಬ ಮಾರನೇ ದಿನದಿಂದ ಕಾಣ್ಲಿಲ್ಲ.

ಎತ್ತರಕ್ಕೆ ಮರ ಬೇಕು. ಪುಟ್ಟ ದ್ವೀಪ, ಇದ್ದ ಮರ ಮುಗೀತು. ನೀರಿನ ಆ ಕಡೆ, ಎದುರು ದಡದಲ್ಲಿ, ಕಾಡು ಹಸಿರಾಗಿ ಕಾಣ್ತಿತ್ತು.

"ಎದುರು ದಡದವರು ನಮ್ಮ ಅಣ್ಣತಮ್ಮಂದಿರು," ಅಂದ ಡಂಗುರದವನು. "ಪಾಪ, ನೆಲದ ಮೇಲೇ ಇದ್ದಾರೆ. ಹಡಗಿನವನು ತುಳಿಯೋಕೆ ಮೊದಲು ನಾವೇ ಹೋಗಿ ಕಾಪಾಡೋಣ."

ಕಾಪಾಡೋಕೆ ಹೋದ್ರು. ಉದ್ದುದ್ದ ಮರಗಾಲು ನೀರಲ್ಲಿ ಇಟ್ಕೊಂಡು, ಸಾಲಾಗಿ, ಎಡಗಡೆಯವನ ಹೆಜ್ಜೆ ನೋಡಿ ಹೆಜ್ಜೆ ಹಾಕ್ತಾ. ಸಾಯಂಕಾಲ ಮರ ಹೊತ್ಕೊಂಡು ವಾಪಸ್ ಬಂದ್ರು. ಹೀಗೇ ದಿನಾ. ಬಡಗಿ ಅಂಗಳದಲ್ಲಿ ನಿಂತು, "ಮರಗಾಲಿನ ತುದಿ ಸ್ವಲ್ಪ ತೊಳಿ," ಅಂತ ಮೇಲಿಂದ ಕೂಗೋನು. ಅವಳು ಬಕೆಟ್ ತಂದು ತೊಳೆಯೋಳು. ಮೊದಲ ದಿನ ಹುಲ್ಲು ಅಂಟಿತ್ತು, ಸೂರಿಗೆ ಹೊದಿಸೋ ಹುಲ್ಲು. ಎರಡನೇ ದಿನ ಮಡಕೆ ಚೂರು. ಆಮೇಲೊಂದು ದಿನ ಕೆಂಪಗೆ ಏನೋ ಇತ್ತು, ನೀರು ಹಾಕಿದಷ್ಟೂ ಹೋಗ್ಲಿಲ್ಲ.

"ರೀ, ಇದೇನು?"

"ಮಣ್ಣು."

"ಕೆಂಪಗಿದೆಯಲ್ರೀ."

"ಆ ಕಡೆ ಕೆಂಪು ಮಣ್ಣು."

ಅವಳು ಒಂದು ಕ್ಷಣ ಬಕೆಟ್ ಹಿಡ್ಕೊಂಡು ನಿಂತ್ಲು. ಆಮೇಲೆ ಉಜ್ಜಿ ತೊಳೆದ್ಲು. ಮಾರನೇ ದಿನವೂ ತೊಳೆದ್ಲು. ಮೂರನೇ ದಿನ ಬಕೆಟ್ ಬೋರಲು ಹಾಕಿ ಎಡಮನೆಗೆ ಹೋದ್ಲು.

"ಅಣ್ಣಾ," ಅಂತ ಮೇಲಕ್ಕೆ ಕೂಗಿದ್ಲು. "ನೀವು ಇಳಿದ್ರೆ ನಮ್ಮನೆಯವರು ಇಳೀತಾರಂತೆ."

ಎಡಮನೆಯವನು ಬಗ್ಗಿ ನೋಡ್ದ. ಕಣ್ಣು ಕೆಳಗೆ ಗುಳಿ ಬಿದ್ದಿತ್ತು. "ಇಳೀಬೇಕು ಅಂತ ನಂಗೂ ಇದೆ ಕಣಮ್ಮ. ಸೊಂಟ ಬಿದ್ದೋಗಿದೆ. ನಮ್ಮ ಎಡಮನೆಯವರನ್ನ ಒಂದು ಮಾತು ಕೇಳ್ತೀಯಾ?"

ಕೇಳಿದ್ಲು. ಅವರ ಎಡಮನೆಯವನು, "ಅಯ್ಯೋ ತಾಯಿ, ನಂಗೆ ನೆಲ ಅಂದ್ರೆ ಪ್ರಾಣ," ಅಂದ. ಅವನ ಎಡಮನೆಯಲ್ಲಿ, "ನಂಗಂತೂ ಮೊದಲ ದಿನದಿಂದಲೇ ಇದು ಸರಿ ಕಂಡಿಲ್ಲ, ಆದ್ರೆ ಉಳಿದವರಿಗೆಲ್ಲ ಇಷ್ಟ ಅಲ್ವಾ." ಅವನ ಎಡಮನೆಯಲ್ಲಿ ಮೇಲಿಂದ ಒಂದು ಹನಿ ನೀರು ಅವಳ ಕೈ ಮೇಲೆ ಬಿತ್ತು. ಮಳೆ ಇರ್ಲಿಲ್ಲ. ಹೀಗೆ ಮನೆಯಿಂದ ಮನೆಗೆ, ಮನೆಯಿಂದ ಮನೆಗೆ, ಅಣ್ಣಾ ಇಳೀರಿ, ಮಾವಾ ಇಳೀರಿ, ತಾತಾ ಇಳೀರಿ. ಇಳಿಯಲ್ಲ ಅಂದವನು ಒಬ್ಬನೂ ಇಲ್ಲ. ಇಳಿದವನೂ ಒಬ್ಬನಿಲ್ಲ. ಚಪ್ಪಲಿ ಸವೆದು ಕಡೇ ಮನೆಗೆ ಬಂದ್ಲು.

"ನಮ್ಮ ಎಡಮನೆಯವನು ಇಳಿದ್ರೆ ಈಗಿಂದೀಗ್ಲೇ ಇಳೀತೀನಿ," ಅಂದ ಆ ಮನೆಯವನು.

"ಯಾರಣ್ಣ ನಿಮ್ಮ ಎಡಮನೆಯವನು?"

"ಏನಮ್ಮಾ ಹೀಗೆ ಕೇಳ್ತೀಯ? ನಿನ್ನ ಗಂಡನೇ ಅಲ್ವಾ!"

ಅವಳು ತನ್ನ ಅಂಗಳಕ್ಕೆ ಓಡಿ ಬಂದ್ಲು. ಏದುಸಿರು, ಆದ್ರೆ ಮುಖದಲ್ಲಿ ಬೆಳಕು. "ರೀ! ರೀ, ಕೇಳಿ ಇಲ್ಲಿ! ಎಲ್ಲರಿಗೂ ಇಳೀಬೇಕಂತೆ. ಮುನ್ನೂರ ಹನ್ನೊಂದು ಮನೆಯವರೂ ಕಾಯ್ತಿರೋದು ನಿಮಗೇ. ನೀವು ಒಂದು ಕಾಲು ಕೆಳಗಿಟ್ರೆ ಸಾಕು, ಇಡೀ ಬೀದಿ ಇಳಿಯುತ್ತೆ. ಇಳೀರಿ!"

ಬಡಗಿ ಕೆಳಗೆ ನೋಡ್ದ. ಬಹಳ ಹೊತ್ತು ನೋಡ್ದ. ಒಂದು ಕಾಲು ಸ್ವಲ್ಪ ಸಡಿಲ ಆಯ್ತು ಕೂಡ. ಅವಳು ಎರಡೂ ಕೈ ಚಾಚಿದ್ಲು.

"ಸರಿ," ಅಂದ. "ಎಡಮನೆಯವನು ಇಳಿದ್ನಾ?"

ಅವಳು ಚಾಚಿದ ಕೈಯಿಂದಲೇ ಹಣೆ ಚಚ್ಕೊಂಡ್ಲು.

ಆಮೇಲೆ ನಡೆದದ್ದು ಬೇಗ ಬೇಗ ನಡೀತು. ಎದುರು ದಡದ ಮರವೂ ಸಾಲದೆ ಮನೆಮನೆಯ ಮಂಚ, ಒನಕೆ, ಕಡೆಗೆ ಮಣೆ ಕೂಡ ಹೋಯ್ತು. ಒಂದು ಭಾನುವಾರ ಬೆಳಿಗ್ಗೆ, ಹಡಗಿನವನು ಇನ್ನೂ ತಿಂಡಿಗೆ ಕೂತಿರೋ ಹೊತ್ತಲ್ಲಿ, ಇವರು ಹೋಗಿ ಲಂಗರು ಹಾಕಿದ್ದ ಅವನ ಹಡಗುಗಳಿಗೇ ಜಾಡಿಸಿ ಒದ್ದು ಬಂದ್ರು. ಊರಲ್ಲಿ ಜೈಕಾರವೋ ಜೈಕಾರ. ಜೈಕಾರ ಮುಗಿಯೋಕೆ ಮೊದಲು ಹಡಗಿನವನು ಹೊಸ ಹಡಗು ಕಟ್ಕೊಂಡು ಎದ್ದು ಬಂದ. ಮೂರು ವರ್ಷ ಚಿಲ್ಲರೆ ಬಡಿದ. ಊರಿಗೆ ಬೆಂಕಿ ಬಿತ್ತು, ಅನ್ನ ಹೋಗಿ ಗೆಣಸು ಬಂತು, ಗೆಣಸೂ ಹೋಯ್ತು. ಮರಗಾಲು ಬುಡದಿಂದ ಉರೀತಿದ್ರೂ ಮೇಲಿದ್ದವರು ಎಡಗಡೆ ನೋಡ್ತಿದ್ರು.

ಒಂದು ಬೆಳಿಗ್ಗೆ ಆಕಾಶದಲ್ಲಿ ಇನ್ನೊಂದು ಸೂರ್ಯ ಹುಟ್ಟಿತು. ಮೂರು ದಿನ ಬಿಟ್ಟು ಮತ್ತೊಂದು. ಬೀದಿಯ ಆ ಕಡೆ ಬಾಗಿನಲ್ಲಿ ಇಪ್ಪತ್ತು ಮನೆ, ಈ ಕಡೆ ಬಾಗಿನಲ್ಲಿ ಹದಿನೈದು. ಕಲ್ಲಿನ ಮೇಲೆ ಮರಗಾಲಿನ ನೆರಳು ಹಾಗೇ ಅಂಟ್ಕೊಂಡಿತ್ತು. ಮರಗಾಲು ಇರ್ಲಿಲ್ಲ, ಮೇಲಿದ್ದವರೂ ಇರ್ಲಿಲ್ಲ. ಇದ್ರ ಬಗ್ಗೆ ತಮಾಷೆ ಮಾಡೋಕೆ ನಂಗೆ ಬರಲ್ಲ. ಎಡಮನೆ ಕಳ್ಕೊಂಡವರು ಎಡಗಡೆಯ ಖಾಲಿ ನೆಲ ನೋಡ್ತಾ, ಆಗ್ಲೂ, ನಿಂತೇ ಇದ್ರು.

ಆಗ ಪರದೆ ಹಿಂದಿನಿಂದ ಮೊದಲನೇ ಸಲ ಒಂದು ದನಿ ಬಂತು. ಸಣ್ಣ ದನಿ, ಸ್ವಲ್ಪ ನೆಗಡಿ ಆದಂಗಿತ್ತು. ಯಾವ ಕಾಲದ ಭಾಷೆಯೋ, ಶಾಸನದ ಕಲ್ಲು ಬಾಯಿ ಬಿಟ್ಟಂಗೆ. ಯಾರಿಗೂ ಒಂದಕ್ಷರ ಅರ್ಥ ಆಗ್ಲಿಲ್ಲ. ಡಂಗುರದವನು ಟೋಪಿ ತೆಗೆದು, ಕಡೆಗೆ ಬಿಡಿಸಿ ಹೇಳ್ದ: "ಇಳೀಬೇಕಂತೆ."

ಸರಿ, ಇಳೀಬೇಕು. ಮೊದಲು ಯಾರು? ಮತ್ತೆ ಹೊರಗಿನವನೇ ಬರಬೇಕಾಯ್ತು. ಹಡಗಿನವನು ಗರಗಸ ಹಿಡ್ಕೊಂಡು ಬಂದ, ಕೈಗೆ ಸಿಕ್ಕ ಮನೆಯಿಂದ ಶುರು ಮಾಡಿ ಗರಗರ ಕುಯ್ದ. ಮನೆಯಿಂದ ಮನೆಗೆ, ಮನೆಯಿಂದ ಮನೆಗೆ. ಬಡಗಿ ತನ್ನ ಅಂಗಳದಲ್ಲೇ ಧೊಪ್ ಅಂತ ಬಿದ್ದ.

ಹೆಂಡತಿ ಮೂಳೆ ಮುಟ್ಟಿ ಮುಟ್ಟಿ ನೋಡಿದ್ಲು. ಎಲ್ಲಾ ಇತ್ತು. ಮಣೆ ಇರ್ಲಿಲ್ಲ, ನೆಲದ ಮೇಲೇ ಕೂರಿಸಿ ಒಂದು ಗೆಣಸನ್ನ ಎರಡು ಮಾಡಿ ಕೈಗಿಟ್ಲು. ಎದುರಿಗೆ ಕೂತ್ಲು. ಅವನು ಅಗಿಯೋ ಸದ್ದು ಕೇಳ್ತು. ಅವಳಿಗೆ ನಗು ಬಂತು, ಅಳುವೂ ಬಂತು. ಈಗ ಮಾತಾಡ್ತಾನೆ, ಈಗ ಮಾತಾಡ್ತಾನೆ ಅಂತ ಕಾದ್ಲು.

ಬಡಗಿ ಗೆಣಸು ಮುಗಿಸಿ, ಅಂಗಳದಲ್ಲಿ ಬಿದ್ದಿದ್ದ ಮರಗಾಲಿನ ತುಂಡುಗಳನ್ನ ನೋಡಿ, "ಒಳ್ಳೇ ಮರ," ಅಂದ. ಅಷ್ಟೇ ಅಂದದ್ದು. ಎದ್ದು ಹೋದ.

ಆ ತುಂಡುಗಳಲ್ಲಿ ಅವನು ಒಂದು ಸ್ಟೂಲು ಮಾಡ್ದ. ಹಡಗಿನವನು ಅದ್ರ ಮೇಲೆ ಕೂತ, ಕಾಲು ಮುರಿದು ಅಂಗಾತ ಬಿದ್ದ, ಎದ್ದು ಹೊಟ್ಟೆ ಹಿಡ್ಕೊಂಡು ನಕ್ಕ. "ನಿಮ್ಮೂರಿನ ಮಾಲು ಅಂದ್ರೆ ಇದೇ!" ಬಡಗಿ ನಗಲಿಲ್ಲ. ಮುರಿದ ಕಾಲು ಎತ್ಕೊಂಡು ತಿರುಗಿಸಿ ತಿರುಗಿಸಿ ನೋಡ್ದ. ಮಾರನೇ ದಿನದಿಂದ ಸ್ಟೂಲು ಬೀದಿ ಸುತ್ತೋಕೆ ಶುರು ಆಯ್ತು. ಒಂದು ಮನೆಯಲ್ಲಿ ಕಾಲು, ಇನ್ನೊಂದರಲ್ಲಿ ಹಲಗೆ, ಮುಂದಿನದ್ರಲ್ಲಿ ಮೊಳೆ, ಅದ್ರ ಮುಂದಿನದ್ರಲ್ಲಿ ಬಣ್ಣ. ಬೀದಿಯುದ್ದಕ್ಕೂ ಒಂದು ಹಗ್ಗ ಎಳೆದು ಗಂಟೆ ಕಟ್ಟಿದ್ರು. ಯಾವ ಮನೆಯಲ್ಲಿ ಯಾರಿಗೇ ಆಗ್ಲಿ, ಸ್ಟೂಲು ಕೂದಲೆಳೆಯಷ್ಟು ಅಲ್ಲಾಡಿದಂಗೆ ಕಂಡ್ರೆ ಹಗ್ಗ ಎಳೀಬಹುದು. ಎಳೆದ್ರೆ ಇಡೀ ಬೀದಿ ನಿಲ್ಲಬೇಕು. ಎಡಮನೆ ಬಲಮನೆ ಕೇಳೋ ಹಾಗಿಲ್ಲ.

ಕೇಳಿಸ್ಕೊಂಡ್ರಾ? ಊರು ಹೊತ್ತಿ ಉರಿಯುವಾಗ ನಿಲ್ಸೋಕೆ ಬರದ ಜನ, ಒಂದು ಸ್ಟೂಲಿನ ಕಾಲಿಗೋಸ್ಕರ ನಿಲ್ಸೋದು ಕಲಿತ್ರು.

ಬಡಗಿಯ ಹೆಂಡತಿಗೂ ಕೆಲಸ ಸಿಕ್ತು. ತಯಾರಾದ ಪ್ರತಿ ಸ್ಟೂಲಿನ ಮೇಲೂ ಅವಳು ಕೂತು ನೋಡ್ಬೇಕು. ದಿನಕ್ಕೆ ನಾನೂರು ಸಲ ಕೂರೋದು, ನಾನೂರು ಸಲ ಏಳೋದು. ಅವಳು ಸರಿ ಅಂದ್ರೆ ಸರಿ. ಲೋಕದ ಮೂಲೆಮೂಲೆಗೆ ಸ್ಟೂಲು ಹೋಯ್ತು. ಹಡಗಿನವನ ಅಡುಗೆಮನೆಗೂ ಹೋಯ್ತು, ಕಚೇರಿಗೂ ಹೋಯ್ತು. ಅವನೀಗ ನಗ್ತಿರ್ಲಿಲ್ಲ, ಅವನ ಬಡಗಿಗಳು ಕೆಲಸ ಇಲ್ಲದೆ ಬೈತಿದ್ರು. ಬಳೆ ಬೀದಿಗೆ ಗಾಜಿನ ಕಿಟಕಿ ಬಂತು, ಬಾಣದಂಥ ರೈಲು ಬಂತು, ಮನೆಗೊಂದು ಟೀವಿ ಬಂತು. ಲೋಕ ಎಲ್ಲಾ ಆರಾಮಾಗಿ ಕೂತ್ಕೊಂಡ್ತು. ಕೂರಿಸಿದವರು ಮಾತ್ರ ನಿಂತೇ ಕೆಲಸ ಮಾಡ್ತಿದ್ರು.

"ರೀ, ಊಟಕ್ಕೆ ಬನ್ನಿ. ಇವತ್ತಾದ್ರೂ ಕೂತು ಉಣ್ಣಿ."

"ಎಡಮನೆಯವನು ಕೆಲಸ ಬಿಟ್ನಾ ನೋಡು."

ಅವಳು ನೋಡೋಕೆ ಹೋಗ್ಲಿಲ್ಲ. ಆ ಕಡೆಯ ಉತ್ತರ ಗೊತ್ತಿತ್ತು.

ಹತ್ತು ಲಕ್ಷನೇ ಸ್ಟೂಲು ತಯಾರಾದ ದಿನ ಸಭೆ ಕರೆದ್ರು. ಹೊಸ ಸಭಾಮಂದಿರ, ಒಳಗೆಲ್ಲಾ ಬಳೆ ಥರ ದುಂಡಗೆ ಸಾಲು. ನಡುವೆ ಸ್ಟೂಲು, ಅದಕ್ಕೊಂದು ಹೂವಿನ ಹಾರ. ಡಂಗುರದವನು ಈಗ ಡಂಗುರ ಬಿಟ್ಟು ಮೈಕು ಹಿಡಿದಿದ್ದ. ಬಡಗಿಯ ಹೆಂಡತಿ ಎಲ್ಲರೆದುರು ಅದ್ರ ಮೇಲೆ ಕೂತು ಸರಿ ಅನ್ಬೇಕು, ಚಪ್ಪಾಳೆ ಬೀಳ್ಬೇಕು, ಇಷ್ಟು ಕಾರ್ಯಕ್ರಮ. ಅವಳು ಇನ್ನೇನು ಕೂರ್ಬೇಕು, ಕಡೇ ಸಾಲಲ್ಲಿ ಯಾರೋ ಎದ್ದು ನಿಂತ್ರು. ಯಾರೂ ಗುರುತು ಹಿಡೀಲಿಲ್ಲ. ವಯಸ್ಸಾದ ಹೆಂಗಸು, ಕಾಲಲ್ಲಿ ಇನ್ನೂ ದೋಣಿಯ ನೀರು.

"ನಾನು ಎದುರು ದಡದವಳು," ಅಂದ್ಲು. "ಒಂದು ಕೇಳ್ಬೇಕಿತ್ತು. ನನ್ನ ಮನೆ ಮೇಲೆ ಕಾಲಿಟ್ಟವರು ಯಾರು? ಒಳಗೆ ನನ್ನ ಮಗಳಿದ್ಲು."



ಡಂಗುರದವನು ಮೈಕು ಸರಿ ಮಾಡ್ಕೊಂಡ. "ತಾಯಿ, ಆ ಕಾಲದಲ್ಲಿ ಆಗಬಾರದ್ದು ಆಗಿದೆ. ಆದದ್ದಕ್ಕೆ ನಮಗೆಲ್ಲ ಬಹಳ ಬೇಜಾರಿದೆ. ತಮಗೆ ಆರು ಸ್ಟೂಲು..."

"ಆಗೋಕೆ ಅದೇನು ಮಳೆಯೇನಪ್ಪಾ?" ಅಂದ್ಲು ಹೆಂಗಸು. "ಸ್ಟೂಲು ಬೇಡ. ದುಡ್ಡು ಬೇಡ. ನಾನು ಕಾಲಿಟ್ಟೆ ಅಂತ ಒಬ್ಬರು ಹೇಳಿ. ಒಬ್ಬರು ಸಾಕು. ಕೇಳ್ಕೊಂಡು ಹೋಗ್ತೀನಿ."

ಬಡಗಿಯ ಹೆಂಡತಿ ಗಂಡನ ಮುಖ ನೋಡಿದ್ಲು. ಅವನಿಗೆ ಗೊತ್ತಿತ್ತು. ಅವನ ಕತ್ತಿನ ನರ ಉಬ್ಬಿತ್ತು, ತುಟಿ ಸ್ವಲ್ಪ ಬಿಟ್ಟಿತ್ತು, ಮಾತು ಅಲ್ಲೇ ಹಲ್ಲಿನ ಹಿಂದೆ ನಿಂತಿತ್ತು. ಹೇಳ್ರೀ, ಅಂತ ಅವಳು ಮನಸ್ಸಲ್ಲೇ ಅಂದ್ಲು. ಹೇಳ್ಬಿಡಿ. ಇದೊಂದು ಹೇಳ್ಬಿಡಿ.

ಬಡಗಿ ಮೆಲ್ಲಗೆ ಎಡಗಡೆ ನೋಡ್ದ. ಎಡಮನೆಯವನು ತನ್ನ ಎಡಗಡೆ ನೋಡ್ದ. ಗಾಳಿಗೆ ಪೈರು ಬಾಗಿದಂಗೆ ಸಾಲುಸಾಲಾಗಿ ತಲೆ ತಿರುಗ್ತಾ ಹೋಯ್ತು, ಇಡೀ ಸಭಾಮಂದಿರ ಒಂದು ಸುತ್ತು ಹಾಕಿ ಬಡಗಿಯ ಬಲಗಡೆ ಬಂದು ನಿಂತಿತು.

"ನಾನು," ಅಂದ್ಲು ಬಡಗಿಯ ಹೆಂಡತಿ.

ಮೈಕು ಇರ್ಲಿಲ್ಲ ಅವಳ ಹತ್ರ, ಆದ್ರೂ ಕಡೇ ಸಾಲಿಗೂ ಕೇಳ್ತು.

"ಕಾಲಿಟ್ಟಿದ್ದು ನಾನಲ್ಲ ಅಕ್ಕ. ಇಟ್ಟ ಕಾಲು ತೊಳೆದೋಳು ನಾನು. ನೀರು ಕೆಂಪಾಯ್ತು. ಏನಿದು ಅಂತ ಕೇಳ್ದೆ, ಮಣ್ಣು ಅಂದ್ರು. ಅಲ್ಲ ಅಂತ ಗೊತ್ತಿತ್ತು ನಂಗೆ. ಮಾರನೇ ದಿನವೂ ತೊಳೆದೆ."

ಎದುರು ದಡದ ಹೆಂಗಸು ಪಕ್ಕದ ಸೀಟು ಹಿಡ್ಕೊಂಡ್ಲು. ಆಮೇಲೆ ತಲೆ ಆಡಿಸಿದ್ಲು. ಹೂಂ ಅಂತಲೋ, ಸಾಕು ಅಂತಲೋ.

ಕಟ್ಟಳೆ ಪ್ರಕಾರ ಈಗ ಬಲಮನೆಯವನ ಸರದಿ. ಅವನ ಎಡಮನೆ ಬಾಯಿ ಬಿಟ್ಟಾಯ್ತಲ್ಲ! ಪಾಪ, ಅವನು ಅರ್ಧ ಎದ್ದೇ ಎದ್ದ, ಕಣ್ಣಲ್ಲಿ ನೀರಿತ್ತು.

"ತಡೀರಿ, ತಡೀರಿ," ಅಂದ ಡಂಗುರದವನು. "ಇನ್ನೂ ಮನೆ ಯಜಮಾನ ಹೇಳಿಲ್ಲ. ಹೆಂಡತಿ ಹೇಳಿದ್ರೆ ಮನೆ ಹೇಳಿದಂಗೆ ಆಗುತ್ತಾ?"

"ಆಗುತ್ತೆ," ಅಂದ ಒಬ್ಬ.

"ಅದು ಹೇಗೆ ಆಗುತ್ತೆ? ಒಲೆ ವಿಷಯದಲ್ಲಾದ್ರೆ ಆಗುತ್ತೆ. ಇದು ಒಲೆ ವಿಷಯ ಅಲ್ಲ."

"ತೊಳೆದದ್ದು ತಾನೇ ಅವಳು? ತೊಳೆಯೋದು ತಪ್ಪಾ? ನಾಳೆ ಪಾತ್ರೆ ತೊಳೆಯೋಕೂ ಹೆದರ್ಬೇಕಾಗುತ್ತೆ."

"ಒಂದು ಸಮಿತಿ ಮಾಡೋಣ."

"ಸಮಿತಿಗೆ ಮೊದಲು ಯಾರು ಹೆಸರು ಕೊಡ್ತೀರಿ?"

ಎಲ್ಲರೂ ಎಡಗಡೆ ನೋಡಿದ್ರು. ಅರ್ಧ ಎದ್ದ ಬಲಮನೆಯವನು ಏಳೋದೋ ಕೂರೋದೋ ಗೊತ್ತಾಗದೆ ಹಾಗೇ ಗಾಳೀಲಿ ನಿಂತಿದ್ದ.

ಬಡಗಿಯ ಹೆಂಡತಿ ಸಾಲುಗಳ ನಡುವೆ ನಡೆದು ಹೋಗಿ ಆ ಹೆಂಗಸಿನ ಕೈ ಹಿಡ್ಕೊಂಡ್ಲು. "ಬಾ ಅಕ್ಕ. ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ? ಅನ್ನ ಇದೆ. ಕೂತು ಉಣ್ಣೋಣ." ಮಂದಿರದ ಹೊಸಿಲ ಹತ್ರ ನಿಂತು ಹಿಂದೆ ತಿರುಗಿದ್ಲು. "ರೀ, ಬರ್ತೀರಾ?"

ಬಡಗಿ ಅವಳನ್ನೇ ನೋಡ್ತಿದ್ದ. ಅವಳನ್ನ ಅಷ್ಟು ನೇರ ನೋಡಿ ಎಷ್ಟು ವರ್ಷ ಆಗಿತ್ತೋ. ಎರಡೂ ಕೈ ಮುಂದಿನ ಸೀಟಿನ ಬೆನ್ನು ಹಿಡ್ಕೊಂಡಿತ್ತು, ಏಳೋರ ಹಾಗೆ.

"ಬಂದೆ," ಅಂದ. "ಒಂದ್ನಿಮಿಷ ಇರು. ಎಡಮನೆಯವನು ಏನಂತಾನೆ..."

ಅವಳು ಒಂದು ನಿಮಿಷ ಇದ್ಲು. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಪೂರ್ತಿ ಒಂದು ಸುತ್ತು ಹಾಕ್ತು, ಅವಳು ಅದನ್ನೇ ನೋಡ್ತಾ ನಿಂತಿದ್ಲು. ಒಳಗೆ ಸಮಿತಿಗೆ ಎಷ್ಟು ಜನ ಇರ್ಬೇಕು ಅಂತ ಮಾತು ಜೋರಾಗಿತ್ತು.

ಆಮೇಲೆ ಇಬ್ಬರೂ ಹೊರಗೆ ಹೋದ್ರು, ಅವಳು ಬಾಗಿಲು ಎಳ್ಕೊಂಡ್ಲು. ಧಡಾರ್ ಅಂತಲ್ಲ. ಒಳಗಿನವರ ಮಾತು ಮುಗಿಯೋಕೆ ಇನ್ನೂ ಬಹಳ ಹೊತ್ತಿದೆ ಅಂತ ಗೊತ್ತಿರೋರು ಹಾಕೋ ಹಾಗೆ, ಮೆಲ್ಲಗೆ, ಪೂರ್ತಿ.